ಸೋಮವಾರದ ಸುಳ್ಳು

ಶಲವಡಿಗೆ ಟೀಚರಾಗಿ ಬಂದ ಎರಡನೇ ವಾರ, ಬಾಡಿಗೆ ಮನೆಯ ಕಟ್ಟೆಯ ಮುಂದೆ ಬಿದ್ದಿದ್ದೆ. ಯಾರೋ ಅಂಗೈಗೆ ಕೀಲಿಕೈ ಒತ್ತಿದರು, ಇನ್ಯಾರೋ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ನಮ್ಮ ಈರುಳ್ಳಿಗೆ ಇಲ್ಲಿ ಆ ಹೆಸರು. ಕೈಕಾಲು, ನಾಲಿಗೆ ಯಾವುದೂ ಆಡುತ್ತಿರಲಿಲ್ಲ. ಕಿವಿ ಮಾತ್ರ ಎಲ್ಲ ಕೇಳುತ್ತಿತ್ತು.

"ಮೂರ್ಛೆ ಬ್ಯಾನಿ ಕಾಣಸ್ತೈತಿ. ಇಕಿ ಹುಡುಗೂರಿಗೆ ಹೆಂಗ ಕಲಸ್ತಾಳ?"

ಅದು ಮೂರ್ಛೆಯಲ್ಲ. ನನಗಿರುವುದು ನಾರ್ಕೊಲೆಪ್ಸಿ: ಹಗಲಲ್ಲೇ ತಡೆಯಲಾರದ ನಿದ್ದೆ. ಜೊತೆಗೆ ಕೆಟಪ್ಲೆಕ್ಸಿ: ಜೋರು ನಗು ಬಂದರೆ ಎಚ್ಚರವಿದ್ದಂತೆಯೇ ಮೈಯ ಬಲವೆಲ್ಲ ಹೋಗಿ ಕುಸಿಯುತ್ತೇನೆ. ಚಾಮರಾಜನಗರದ ನಮ್ಮ ಮನೆಯಲ್ಲಿ ಇದಕ್ಕೆ ಸುಲಭದ ದಾರಿ ಹುಡುಕಿದ್ದರು, ನನ್ನೆದುರು ಯಾರೂ ತಮಾಷೆ ಮಾಡಬಾರದು. ಇಲ್ಲೋ, ತಮಾಷೆಗೆ ಚಾಷ್ಟಿ ಅನ್ನುತ್ತಾರೆ, ಚಾಷ್ಟಿಯಿಲ್ಲದೆ ಚಹಾ ಕೂಡ ಇಳಿಯುವುದಿಲ್ಲ. ಆ ದಿನ ಮನೆಯೊಡತಿ ಬಸವ್ವ ಕಾಕು, ಅವರ ಯಜಮಾನರು ಎಮ್ಮೆಯೊಡನೆ ಜಗಳವಾಡಿದ್ದನ್ನು ಮಾಡಿ ತೋರಿಸಿದ್ದರು.

ಮೈಗೆ ಬಲ ಬಂದ ಕೂಡಲೇ, ಕೆಲಸ ಹೋದೀತೆಂಬ ಭಯಕ್ಕೆ ಸುಳ್ಳು ಹೇಳಿದೆ. "ಸೋಮವಾರ ಅಲ್ವಾ ಕಾಕು, ಉಪವಾಸ ಇದ್ದೆ."

ಶಿವಭಕ್ತರ ಮನೆ. ಕಾಕು ನನಗೆ ಕೈ ಮುಗಿದರು. ಅಂದಿನಿಂದ ಸೋಮವಾರ ಬೆಳಿಗ್ಗೆ ನನಗೆಂದೇ ಸಾಬೂದಾಣಿ ಕಿಚಡಿ, ಬಾಳೆಹಣ್ಣು. ಬಾಗಿಲು ಹಾಕಿಕೊಂಡು ಮೊದಲೇ ಮುದ್ದೆ ನುಂಗಿರುತ್ತಿದ್ದೆ, ಆಮೇಲೆ ಅದನ್ನೂ ತಿನ್ನುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು ಅನಿಸುತ್ತಿತ್ತು.

ಒಂದು ಸೋಮವಾರ ಚಿಲಕ ಹಾಕಲು ಮರೆತೆ. ಊಟದ ನಡುವೆಯೇ ನಿದ್ದೆ ಬಂದಿತ್ತು. ಕಣ್ಣು ಬಿಟ್ಟಾಗ ಎದುರಿಗೆ ಕಾಕು ಕೂತಿದ್ದರು, ಕಿಚಡಿ ಅವರ ತೊಡೆಯ ಮೇಲಿತ್ತು, ನನ್ನ ಕೈಯಲ್ಲಿ ಅರ್ಧ ಮುದ್ದೆ. ಅಳುತ್ತಾ ಎಲ್ಲ ಹೇಳಿಬಿಟ್ಟೆ.

ಅವರು ತೊಡೆಯ ಮೇಲಿನ ಕಿಚಡಿಯನ್ನು ಕೆಳಗಿಟ್ಟರು. "ನಿಮ್ಮ ಉಪಾಸಕ್ಕ ನಾ ಕೈ ಮುಗದಿದ್ನೆಲ್ರಿ ಟೀಚರ್. ಬ್ಯಾನಿ ಐತಿ ಅಂದಿದ್ರ ನಿಮ್ಮನ್ನೇನ್ ನುಂಗತಿದ್ವೇನು?"

ನಾಚಿಕೆಯಿಂದ ಸತ್ತೇ ಹೋದೆ. ಮರುದಿನ ಅವರೇ ಜೊತೆಗೆ ಬಂದು ಹೆಡ್‌ಮಾಸ್ಟರಿಗೆ ವಿಷಯ ತಿಳಿಸಿದರು. ಈಗ ಮಧ್ಯಾಹ್ನದ ಬಿಡುವಿನಲ್ಲಿ ಸ್ವಲ್ಪ ಹೊತ್ತು ಮಲಗುತ್ತೇನೆ, ಪಾಠವೂ ನಡೆಯುತ್ತಿದೆ.

ರಜೆಗೆ ಊರಿಗೆ ಹೋದಾಗ ಅಮ್ಮ ಈಗಲೂ ಎಲ್ಲರನ್ನೂ ಗದರಿಸಿ ಸುಮ್ಮನಾಗಿಸುತ್ತಾರೆ. ಅಲ್ಲಿ ನಾನು ಒಮ್ಮೆಯೂ ಬಿದ್ದಿಲ್ಲ. ಆದರೂ ಕಾಕುವಿನ ಕಟ್ಟೆ ನೆನಪಾಗುತ್ತದೆ. ಇಲ್ಲಿಗೆ ಮರಳಿದರೆ, ಸುಳ್ಳು ಗೊತ್ತಾದ ಮೇಲೂ ಸೋಮವಾರದ ಕಿಚಡಿ ತಪ್ಪದೆ ಬರುತ್ತದೆ, ಕಾಕುವಿನ ಮುಖ ನೋಡಲು ನನಗೇ ಆಗುವುದಿಲ್ಲ. ಸಂಜೆ ಕಟ್ಟೆಯ ಹತ್ತಿರ ಹೋಗುತ್ತಿದ್ದಂತೆ ಅವರು ಶುರು ಮಾಡಿದ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಜಮಖಾನೆ ಹಾಸುತ್ತಾರೆ.

"ಮೊದ್ಲ ಕುಂದರ್ರಿ ಟೀಚರ್. ಆಮ್ಯಾಲ ನಗಸ್ತೇನಿ."