ಕಣ್ಣಿನ ಡಾಕ್ಟರರ ಸಾಲುಗಳು

ಹೈದರಾಬಾದಿನ ಆ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿದ್ದು ನನ್ನ ಬೆರಳುಗಳ ಗುಣದಿಂದಲ್ಲ. ಆಗ ಊರೆಲ್ಲ ಊರಂಚಿನ ಮಾದಾಪುರದ್ದೇ ಮಾತು. ಅಮೆರಿಕದ ಡಾಕ್ಟರುಗಳು ಹೇಳಿದ್ದನ್ನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳಿ ಟೈಪು ಮಾಡುವ ಕಂಪನಿಗಳು ಅಲ್ಲಿ ಒಂದರ ಪಕ್ಕ ಒಂದು ಎದ್ದಿದ್ದವು. ನಮ್ಮ ಸಂಸ್ಥೆಯಲ್ಲಿ ಬೆರಳು ಓಡುತ್ತಿದ್ದವರೆಲ್ಲ ಅತ್ತ ಓಡಿದರು. ಖಾಲಿ ಬಿದ್ದ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು, ಅದೂ ಗುತ್ತಿಗೆಯ ಮೇಲೆ.

ನಾನು ಹತ್ತನೆಯ ತರಗತಿ ಪಾಸಾದದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಸೇಡಂ ಹತ್ತಿರ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುತ್ತಿದ್ದೆ. ಟೈಪಿಂಗ್ ಕಲಿತದ್ದು ಇನ್ನೂ ತಡವಾಗಿ, ಎರಡೇ ಬೆರಳಲ್ಲಿ. ನಿಧಾನ ಎನ್ನುವುದು ನಿಜ. ಆದರೆ ನಾನು ಟೈಪು ಮಾಡಿದ ಹಾಳೆಯಲ್ಲಿ ತಪ್ಪು ಹುಡುಕಲು ಯಾರಿಗೂ ಆಗುತ್ತಿರಲಿಲ್ಲ. ಒಂದೊಂದು ಅಕ್ಷರವನ್ನೂ ನೋಡಿಯೇ ಒತ್ತುತ್ತಿದ್ದೆ.

ನಮ್ಮ ವಿಭಾಗದ ಮುಖ್ಯಸ್ಥರು ಶ್ವಾಸಕೋಶದ ಡಾಕ್ಟರು. ಯಾದಗಿರಿ ಕಡೆಯವರು, ಅಂದರೆ ನಮ್ಮ ಕಡೆಯವರೇ. ಅದು ಗೊತ್ತಾದ ದಿನ ಖುಷಿಪಟ್ಟಿದ್ದೆ. ಆ ಖುಷಿ ಒಂದು ವಾರವೂ ಉಳಿಯಲಿಲ್ಲ. ಉಳಿದವರ ಜೊತೆ ಅವರದು ತೆಲುಗು, ಇಂಗ್ಲಿಷು, ನಯ, ನಾಜೂಕು. ಬೈಯುವುದಕ್ಕೆ ಮಾತ್ರ ಕನ್ನಡ ಬೇಕಾಗುತ್ತಿತ್ತು, ಆ ಕನ್ನಡಕ್ಕೆ ನಾನು ಸಿಕ್ಕಿದ್ದೆ. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

"ಏ ಫರ್ಸಿ, ಕೀಬೋರ್ಡ್ ಕಲ್ಲಲ್ಲೋ, ಹಂಗ ತಿಕ್ಕಬ್ಯಾಡ."

ಸುತ್ತಲಿನವರಿಗೆ ಮಾತು ತಿಳಿಯುತ್ತಿರಲಿಲ್ಲ. ದನಿ ತಿಳಿದು ನಗುತ್ತಿದ್ದರು.

ಆ ವರ್ಷ ಸಂಸ್ಥೆಯವರು ಗುತ್ತಿಗೆಯ ಕೆಲವರನ್ನು ಕಾಯಂ ಮಾಡುತ್ತೇವೆಂದರು. ಮುಖ್ಯಸ್ಥರ ಶಿಫಾರಸು ಬೇಕು, ವಯಸ್ಸಿನ ಮಿತಿಯೊಳಗಿರಬೇಕು. ತಡವಾಗಿ ಓದಿದವನ ಗತಿ ಇದು: ಕೆಲಸ ಶುರುವಾಗುವ ಹೊತ್ತಿಗೆ ವಯಸ್ಸು ಮುಗಿಯುತ್ತಾ ಬಂದಿರುತ್ತದೆ. ಆ ವರ್ಷ ತಪ್ಪಿದರೆ ನನಗೆ ಮತ್ತೆ ಅವಕಾಶವೇ ಇರಲಿಲ್ಲ. ನನ್ನ ಫೈಲು ಡಾಕ್ಟರರ ಮೇಜಿನ ಮೇಲೆ, ಎಡಗಡೆಯ ಟ್ರೇಯಲ್ಲಿ ಕೂತಿತ್ತು. ದಿನಾ ನೋಡುತ್ತಿದ್ದೆ.

ಅದೇ ಸಮಯಕ್ಕೆ ಅವರೂ ದೊಡ್ಡ ಹುದ್ದೆಗೆ ಅರ್ಜಿ ಹಾಕುವವರಿದ್ದರು. ಅದಕ್ಕೆ ಅವರು ಬರೆದ ಲೇಖನಗಳ ಪಟ್ಟಿ ಬೇಕು. ಜೊತೆಗೆ ಆ ಲೇಖನಗಳನ್ನು ಬೇರೆ ಸಂಶೋಧಕರು ತಮ್ಮ ಬರಹಗಳಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ ಎಂಬ ಲೆಕ್ಕವೂ ಬೇಕು. ಅದಕ್ಕೆ ಸೈಟೇಶನ್ ಅನ್ನುತ್ತಿದ್ದರು. ಡಾಕ್ಟರಿಕೆಯಲ್ಲಿ ಯಾರು ದೊಡ್ಡವರು ಎನ್ನುವುದು ಅದರಿಂದ ತೀರ್ಮಾನವಾಗುತ್ತದೆ ಎಂದು ನನಗೆ ಆಗಲೇ ಗೊತ್ತಾದದ್ದು. ಯಾರಿಗೆ ಗುಣವಾಯಿತು ಎಂದು ಕೇಳುವ ಕಾಲಂ ಆ ಅರ್ಜಿಯಲ್ಲಿ ಇರಲಿಲ್ಲ.

ನಮ್ಮ ಗ್ರಂಥಾಲಯದಲ್ಲಿ ಆ ಲೆಕ್ಕದ ಸೂಚಿ ಪುಸ್ತಕಗಳಿದ್ದವು. ಒಂದೊಂದೂ ಇಟ್ಟಂಗಿಗಿಂತ ದಪ್ಪ, ಅಕ್ಷರ ಇರುವೆಗಿಂತ ಸಣ್ಣ. ಸಂಶೋಧಕನ ಹೆಸರು, ಅದರ ಕೆಳಗೆ ಅವನ ಲೇಖನವನ್ನು ಹೆಸರಿಸಿದವರ ಸಾಲುಗಳು.

"ನನ್ನ ಹೆಸರಿನ ಕೆಳಗ ಎಷ್ಟ ಸಾಲ ಅದಾವು, ಎಲ್ಲಾ ವರ್ಷದ್ದೂ ಎಣಿಸಿ ತಾ," ಎಂದರು ಡಾಕ್ಟರು. "ತಲಿ ಓಡಸಬ್ಯಾಡ. ಸಾಲಿನ ಮ್ಯಾಲ ಬಟ್ಟ ಇಟ್ಟು ಎಣಸು, ಸಾಕು."

ದಿನಾ ಮಧ್ಯಾಹ್ನ ಗ್ರಂಥಾಲಯದಲ್ಲಿ ಕೂತೆ. ಅಲ್ಲಿನ ಮುದುಕ ಗ್ರಂಥಪಾಲಕರು ಹಳೇ ಶಹರದವರು. ನನ್ನನ್ನು ನೋಡಿದಾಗಲೆಲ್ಲ, "ಕ್ಯಾ ಮಿಯಾ, ಫಿರ್ ಮೆಟ್ರಿಕ್ ಕು ಬೈಠ್ರೈಂ ಕ್ಯಾ?" ಎಂದು ಮತ್ತೆ ಮೆಟ್ರಿಕ್ಕಿಗೆ ಕೂರಿಸುತ್ತಿದ್ದರು. ಸಾಲುಗಳು ಮುಗಿಯುತ್ತಲೇ ಇರಲಿಲ್ಲ. ನಾನು ಒಟ್ಟು ಕೊಟ್ಟ ದಿನ ಡಾಕ್ಟರು ಹಾಳೆಯನ್ನು ಎರಡು ಸಲ ನೋಡಿದರು. ಅಂದೇ ಮೊದಲ ಬಾರಿಗೆ ನನಗೆ ಕೂರಲು ಹೇಳಿದರು. ಚಹಾವನ್ನೂ ತರಿಸಿದರು.

"ನೋಡು, ನಿನ್ನ ಫೈಲ್ ಇಲ್ಲೇ ಐತಿ. ಈ ಅರ್ಜಿ ಮುಗೀಲಿ."

ಅರ್ಜಿಯ ನಮೂನೆ ಟೈಪು ಮಾಡಲು ಕೂತಾಗ ಗೊಂದಲ ಶುರುವಾಯಿತು. ಅದರಲ್ಲಿ ಬರೀ ಒಟ್ಟು ಹಾಕಿದರೆ ಸಾಲದು, ಯಾವ ಲೇಖನಕ್ಕೆ ಎಷ್ಟು ಎಂದು ಒಂದೊಂದರ ಮುಂದೆಯೂ ಬರೆಯಬೇಕಿತ್ತು. ನಾನು ಹಂಚುತ್ತಾ ಹೋದೆ. ಪಟ್ಟಿಯಲ್ಲಿದ್ದ ಲೇಖನಗಳೆಲ್ಲ ಮುಗಿದವು, ಸಾಲುಗಳು ಮುಗಿಯಲಿಲ್ಲ. ಅರ್ಧಕ್ಕಿಂತ ಹೆಚ್ಚು ಉಳಿದವು. ಉಳಿದವೆಲ್ಲ ಕಣ್ಣಿನ ಕಾಯಿಲೆಯ ಪತ್ರಿಕೆಗಳಲ್ಲಿ ಬಂದ ಲೇಖನಗಳವು. ನಮ್ಮ ಡಾಕ್ಟರು ಎದೆ ಬಿಟ್ಟು ಮೇಲಕ್ಕೆ ಹೋದವರೇ ಅಲ್ಲ.

ಗ್ರಂಥಪಾಲಕರನ್ನು ಕಾಡಿ ಆ ಕಣ್ಣಿನ ಪತ್ರಿಕೆಗಳನ್ನು ತೆಗೆಸಿದೆ. ಲೇಖನದ ಕೆಳಗೆ ವಿಳಾಸ ಇತ್ತು: ಕರಾವಳಿ ಆಂಧ್ರದ ಒಂದು ಊರಿನ ಕಣ್ಣಾಸ್ಪತ್ರೆ. ಆ ಡಾಕ್ಟರದೂ ಅದೇ ಹೆಸರು, ಅದರ ಮುಂದೆ ಅದೇ ಒಂದು ಅಕ್ಷರ.

ನಾನೂ ಡಾಕ್ಟರರ ಕಡೆಯವನೇ ಆದ್ದರಿಂದ ಇದು ಹೇಗಾಯಿತೆಂದು ನನಗೆ ಬೇಗ ಹೊಳೆಯಿತು. ನಮ್ಮಲ್ಲಿ ಮೊದಲು ಹೆಸರು, ಕೊನೆಗೆ ಅಡ್ಡಹೆಸರು. ತೆಲುಗರಲ್ಲಿ ಮನೆಯ ಹೆಸರು ಒಂದು ಅಕ್ಷರವಾಗಿ ಮುಂದೆ ನಿಲ್ಲುತ್ತದೆ, ಸ್ವಂತ ಹೆಸರು ಕೊನೆಗೆ. ನಮ್ಮ ಡಾಕ್ಟರು ಹೈದರಾಬಾದಿನಲ್ಲಿ ನೆಲೆಯಾದ ಮೇಲೆ ಇಲ್ಲಿನವರಂತೆ ಅಡ್ಡಹೆಸರನ್ನು ಒಂದಕ್ಷರ ಮಾಡಿ ಮುಂದೆ ಹಾಕಿಕೊಂಡಿದ್ದರು. ಸೂಚಿ ಮಾಡುವ ಪರದೇಶದವರಿಗೆ ಕೊನೆಯ ಪದವೇ ಮುಖ್ಯ. ಆಂಧ್ರದಲ್ಲಿ ಬೀದಿಗಿಬ್ಬರಿಗೆ ಇರುವ ಆ ಹೆಸರಿನ ಕೆಳಗೆ ಇಬ್ಬರು ಡಾಕ್ಟರುಗಳನ್ನೂ ಒಂದೇ ಆಸಾಮಿ ಮಾಡಿ ಕೂರಿಸಿಬಿಟ್ಟಿದ್ದರು.

ಹಾಗಾದರೆ ಡಾಕ್ಟರು ಅಡ್ಡಹೆಸರು ಬಿಡುವ ಮೊದಲು ಬರೆದದ್ದೆಲ್ಲಿ? ಅಡ್ಡಹೆಸರಿನ ಕೆಳಗೆ ಹುಡುಕಿದೆ. ಇತ್ತು. ಅವರು ಸಣ್ಣ ವಯಸ್ಸಿನಲ್ಲಿ ನಮ್ಮ ಕಡೆಯ ಕಲ್ಲುಗಣಿಯ ಜನರ ಎದೆಯ ಬಗ್ಗೆ ಬರೆದದ್ದು. ಅದನ್ನು ಗಣಿ ಇರುವ ದೇಶಗಳ ಡಾಕ್ಟರುಗಳು ಹೆಸರಿಸಿದ್ದರು. ಹೆಚ್ಚಿಲ್ಲ, ಕೆಲವೇ. ಇಂಗ್ಲಿಷು ಅರ್ಧ ತಿಳಿಯದಿದ್ದರೂ ಆ ಲೇಖನವನ್ನು ನಾನು ಕೂತು ಓದಿದೆ. ಗಣಿಯಲ್ಲಿ ಕಲ್ಲು ಕಡಿಯುವ ನಮ್ಮ ಅಣ್ಣಂದಿರು ಕೆಮ್ಮುವುದನ್ನು ಯಾರೋ ಬಂದು ನಿಂತು ಕೇಳಿಸಿಕೊಂಡಿದ್ದಾರೆ ಅನಿಸಿತು.

ನಾನು ಧರ್ಮಿಷ್ಠ ಎಂದು ಯಾರೂ ತಿಳಿಯುವುದು ಬೇಡ. ಕಣ್ಣಿನ ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕುವಾಗ ನನಗೆ ಸಂತೋಷವಾಗುತ್ತಿತ್ತು. ಎಷ್ಟೋ ದಿನದ 'ಫರ್ಸಿ'ಗೆ ಉತ್ತರ ಕೊಡುತ್ತಿದ್ದೇನೆ ಅನಿಸುತ್ತಿತ್ತು. ಪೆನ್ಸಿಲ್ ಸ್ವಲ್ಪ ಜೋರಾಗಿಯೇ ಒತ್ತಿದ್ದೆ.

ಹೊಸ ಹಾಳೆ ನೋಡಿ ಡಾಕ್ಟರು ಕನ್ನಡಕ ತೆಗೆದರು.

"ಏನಿದು?"

"ಸರ, ಕಣ್ಣಿನವು ಬ್ಯಾರೆ ಡಾಕ್ಟರವರಿ. ಹೆಸರು ಕೂಡಿ ಬಿಟ್ಟಾವು. ಅವನ್ನ ತಗದೀನಿ. ನಿಮ್ಮವು ಹಳೇವು ಅಡ್ಡಹೆಸರಿನ ಕೆಳಗ ಇದ್ದವು, ಅವನ್ನ ಕೂಡಿಸೀನ್ರಿ."

"ಕೂಡಿಸಿದ ಮ್ಯಾಲೂ ಅರ್ಧಕ್ಕ ಬರಲಿಲ್ಲಲ್ಲೋ!"

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಸಮಾಧಾನ ಮಾಡೋಣವೆಂದು ಬಾಯಿ ಬಿಟ್ಟೆ. ಈ ಮಾತನ್ನು ಮಾತ್ರ ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದ ಹೇಳಿದ್ದೆ.

"ಕಮ್ಮಿ ಇದ್ರೂ ಚಲೋ ಅದಾವ್ರಿ ಸರ. ಕಲ್ಲಗಣಿದು ನಾ ಓದೀನ್ರಿ. ಭಾಳ ಚಲೋ ಬರದೀರಿ."

ಅವರ ಮುಖ ಕೆಂಪಾದದ್ದನ್ನು ನಾನು ಹಿಂದೆ ಎಂದೂ ನೋಡಿರಲಿಲ್ಲ. ಬೈಯುವಾಗಲೂ ಅವರ ಮುಖ ತಣ್ಣಗೇ ಇರುತ್ತಿತ್ತು.

"ನೀ ನನಗ ಚಲೋ ಅಂತೀ? ನಿನ್ನೆ ಮೊನ್ನೆ ಎ ಬಿ ಸಿ ಡಿ ಕಲ್ತಾವ, ನೀ ನನಗ ಮಾರ್ಕ್ಸ್ ಹಾಕ್ತಿ ಏನಲೇ?"

"ಹಂಗಲ್ರಿ ಸರ..."

"ಬಾಯಿ ಮುಚ್ಚು. ಕಮೀಟಿಯವ್ರು ಬಟ್ಟ ಇಟ್ಟು ಎಣಸ್ತಾರೇನು? ಒಟ್ಟ ನೋಡ್ತಾರ, ಒಟ್ಟು. ಲೇಖನದ ಮುಂದ ಬರಿಯೂದು ಬ್ಯಾಡ, ಹಳೇ ಒಟ್ಟ ಹಾಕು. ಕೆಳಗ 'ಎಣಿಸಿದವರು' ಅಂತ ಐತಿ ನೋಡು, ಅಲ್ಲಿ ನಿನ್ನ ಸಹಿ ಮಾಡು. ನಿನ್ನ ಫೈಲಿನ ಮ್ಯಾಲ ನಾ ಮಾಡ್ತೀನಿ."

ಮನೆಯಲ್ಲಿ ಹೇಳಿದೆ. ಹೆಂಡತಿ ಜೋಳದ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಯಾರ ಸಾಲು ಯಾರಿಗೆ ಹೋದ್ರ ನಮಗೇನು? ಆ ಕಣ್ಣಿನ ಡಾಕ್ಟರೇನ್ ಬಂದು ನಿಮ್ಮ ಕೊಳ್ಳಪಟ್ಟಿ ಹಿಡೀತಾನೇನ್ರಿ? ಸಹಿ ಮಾಡಿ ಬರ್ರಿ."

"ನಾನೇ ಎಣಿಸೀನಿ. ಸುಳ್ಳಂತ ನನಗ ಗೊತ್ತೈತಿ."

"ಗೊತ್ತಿದ್ರ ಗೊತ್ತಿರ್ಲಿ. ವಯಸ್ಸ ಮುಗೀತಂದ್ರ ಮತ್ತ ಕಲ್ಲ ತಿಕ್ಕಾಕ ಹೋಗ್ತೀರೇನು?"

ಅವಳ ಮಾತಲ್ಲಿ ತಪ್ಪಿರಲಿಲ್ಲ. ಸಹಿ ಮಾಡುವುದೆಂದು ನಿರ್ಧರಿಸಿಕೊಂಡೇ ಮರುದಿನ ಆಫೀಸಿಗೆ ಹೋದೆ. ಹಳೆಯ ಒಟ್ಟನ್ನು ಟೈಪು ಮಾಡಿದೆ. ಟೈಪಿಸ್ಟನ ಕೆಲಸ ಹೇಳಿದ್ದನ್ನು ಒತ್ತುವುದು, ಅಲ್ಲಿಯವರೆಗೆ ಸರಿ. ಸಹಿಗೆ ಬಂದಾಗ ಡಾಕ್ಟರು ಪೆನ್ನು ಚಾಚಿ, ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕರು. ಆಮೇಲೆ ನನಗೆ, "ಹೆಬ್ಬಟ್ಟ ಬೇಕಾದ್ರ ಶಾಯಿ ತರಸ್ಲೇನೋ?" ಎಂದರು.

ಪೆನ್ನನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ.

"ಆಗೂದಿಲ್ರಿ ಸರ. ನಾ ಎಣಿಸಿದ್ದು ಇದಲ್ಲ."

ಅವರು ಬೈಯಲಿಲ್ಲ. ಗಂಟೆ ಒತ್ತಿ ಇನ್ನೊಬ್ಬ ಟೈಪಿಸ್ಟ್ ಹುಡುಗಿಯನ್ನು ಕರೆಸಿದರು. ಅವಳಿಗೆ ಮಾದಾಪುರದಲ್ಲಿ ಕೆಲಸ ಸಿಕ್ಕಾಗಿತ್ತು, ಮುಂದಿನ ವಾರ ಹೊರಡುವವಳು. "ಎಕ್ಕಡ ಸರ್?" ಎಂದು ಜಾಗ ಕೇಳಿ, ನಿಂತಲ್ಲೇ ಸಹಿ ಹಾಕಿ ಹೋದಳು. ಆ ಪುಸ್ತಕಗಳು ಯಾವ ಬಣ್ಣದವೆಂದೂ ಅವಳಿಗೆ ಗೊತ್ತಿರಲಿಲ್ಲ.

ಡಾಕ್ಟರರಿಗೆ ಹುದ್ದೆ ಬಂತು. ವಿಭಾಗದ ಎಲ್ಲರಿಗೂ ಲಾಡು ಹಂಚಿದರು. ನನ್ನ ಮೇಜಿನ ಮೇಲೆ ಲಾಡಿನ ಜೊತೆ ಟೈಪು ಮಾಡಲು ಒಂದು ಕೈಬರಹದ ಹಾಳೆಯೂ ಬಂತು. ಕಾಯಂ ಮಾಡುವವರ ಬಗ್ಗೆ ಮುಖ್ಯಸ್ಥರ ಅಭಿಪ್ರಾಯ. ನನ್ನ ಹೆಸರಿನ ಮುಂದೆ ಬರೆದಿತ್ತು: ಕೆಲಸ ಬಹಳ ನಿಧಾನ, ಶಿಫಾರಸು ಇಲ್ಲ. ಅದನ್ನು ನನ್ನ ಕೈಯಿಂದಲೇ ಟೈಪು ಮಾಡಿಸಬೇಕೆಂದು ಅವರು ಬೇಕೆಂದೇ ಕಳಿಸಿದ್ದರು. ಕಚೇರಿಯಲ್ಲಿ ಇನ್ನಿಬ್ಬರು ಟೈಪಿಸ್ಟರು ಖಾಲಿ ಕೂತಿದ್ದರು.

ಮಾಡಿದೆ. ಎಂದಿನಂತೆ ನಿಧಾನವಾಗಿ, ತಪ್ಪಿಲ್ಲದೆ. ಸಹಿಗೆ ಒಯ್ದಾಗ ಅವರು ಪೆನ್ನು ಎತ್ತಿಕೊಂಡು ಕಾದರು.

"ಇನ್ನೂ ಹೊತ್ತ ಮೀರಿಲ್ಲ. ತಪ್ಪ ಮಾಡೀನಿ ಅನ್ನು. ಹರದ ಒಗೀತೀನಿ ಇದನ್ನ."

ಅವರು ಹೇಳಿದಂತೆ ಹರಿದು ಹಾಕುತ್ತಿದ್ದರೇನೋ. ನನ್ನ ಬಾಯಿಂದ ಆ ಮಾತು ಕೇಳುವುದು ಅವರಿಗೆ ಅಷ್ಟು ಬೇಕಾಗಿತ್ತು.

"ಎಣಿಕಿ ತಪ್ಪಿಲ್ರಿ ಸರ," ಎಂದೆ.

ಅವರು ಸಹಿ ಮಾಡಿ ಹಾಳೆಯನ್ನು ನನ್ನ ಕಡೆ ತಳ್ಳಿದರು. ನಾನೇ ಅದನ್ನು ಲಕೋಟೆಗೆ ಹಾಕಿ, ಅಂಟಿಸಿ, ಆಡಳಿತ ವಿಭಾಗಕ್ಕೆ ಕೊಟ್ಟು ಬಂದೆ. ಆ ವರ್ಷ ನನಗೆ ವಯಸ್ಸು ಮೀರಿತು. ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯ ಗೋದಾಮಿನಲ್ಲಿ ಡಬ್ಬಗಳ ಚೀಟಿ ಟೈಪು ಮಾಡುವ ಕೆಲಸ ಹಿಡಿದೆ. ಹೆಂಡತಿ ಬಹಳ ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ, ಅವಳಿಗೆ ಆ ಹಕ್ಕಿತ್ತು. ಡಾಕ್ಟರರ ಮೇಲಿನ ನನ್ನ ಸಿಟ್ಟು ಮಾತ್ರ ಇಂದಿಗೂ ಇಳಿದಿಲ್ಲ. ಇಳಿಯಲಿ ಎಂದು ನಾನು ಯಾವ ದೇವರನ್ನೂ ಕೇಳಿಕೊಂಡಿಲ್ಲ.