ಸೀನಿದರೂ ನಿಲ್ಲದ ಹಾಡು

ತ್ಯಾಮಗೊಂಡ್ಲು ಕಡೆಯ ನಮ್ಮೂರಿನ ಪೌರಾಣಿಕ ನಾಟಕದಲ್ಲಿ ಹದಿನೈದು ವರ್ಷದಿಂದ ರಾಜನ ವೇಷ ನನ್ನದೇ. ಮಾತಿನಲ್ಲಿ ನಾನು ಹುಲಿ. ಹಾಡಿನಲ್ಲಿ ಮೇಲಿನ ಸ್ವರ ಬಂತೆಂದರೆ ಮಾತ್ರ ಗಂಟಲು ಕೈಕೊಡುತ್ತದೆ, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಈ ಸಲ ನಾಟಕಕ್ಕೆ ಹೊಸ ಬೀಗರು ಬೇರೆ ಬರುವವರಿದ್ದರು. ಅವರ ಮುಂದೆ ನಗೆಪಾಟಲಾಗಲು ನನಗೆ ಸುತರಾಂ ಇಷ್ಟವಿರಲಿಲ್ಲ.

ಅಕ್ಕನ ಮಗಳು ಉಪಾಯ ಹೇಳಿದಳು. ನನ್ನ ದನಿಯನ್ನು ಫೋನಿಗೆ ತುಂಬಿ, ಅದೇನೋ ಎಐ ಅಂತೆ, ಅದರ ಕೈಲಿ ನನ್ನದೇ ದನಿಯಲ್ಲಿ ಹಾಡಿಸಿಕೊಟ್ಟಳು. ಕೇಳಿ ಕಣ್ಣಲ್ಲಿ ನೀರು ಬಂತು. ಬದುಕಿಡೀ ಹಾಗೆ ಹಾಡಬೇಕೆಂದೇ ನನಗೆ ಆಸೆ.

ಭಾನುವಾರ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ, ವೇಷದ ಸಮೇತ ಕೊನೆಯ ತಾಲೀಮು. ಅರ್ಧ ಊರು ಬಂದು ಕೂತಿತ್ತು. ಪರದೆಯ ಹಿಂದೆ ಸ್ಪೀಕರ್ ಇಟ್ಟು, ಹಾರ್ಮೋನಿಯಂ ಮೇಷ್ಟ್ರಿಗೂ ಹೇಳದೆ, ಬರೀ ತುಟಿ ಆಡಿಸಿದೆ. ಹಾಡು ಸಲೀಸಾಗಿ ಮೇಲೇರಿತು. ಅಷ್ಟರಲ್ಲಿ ಬಾಡಿಗೆ ವಿಗ್ಗಿನ ಧೂಳು ಮೂಗಿಗೆ ಹೋಗಿ ಎರಡು ಸಲ ಸೀನಿದೆ. ಹಾಡು ನಿಲ್ಲಲಿಲ್ಲ.

ಮೊದಲು ಬಾಯಿಬಿಟ್ಟವಳು ನನ್ನ ಹೆಂಡತಿಯೇ. "ಇದು ನಮ್ಮನೆಯವ್ರಲ್ಲ. ಇವ್ರು ಇಷ್ಟು ಚೆನ್ನಾಗಿ ಯಾವತ್ತೂ ಹಾಡಿಲ್ಲ."

ಅವಳ ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಸೆರಗು ಕೊಡವಿ ಎದ್ದರು. "ಫೋನಿನ್ ಹಾಡು ಕೇಳಕ್ಕೆ ಇಲ್ಲೀಗಂಟ ಬರ್ಬೇಕಿತ್ತಾ? ನಿನ್ ಗಂಟ್ಲಲ್ಲಿ ಹಾಡಪ್ಪಾ, ಇಲ್ಲಾಂದ್ರೆ ನಾನು ರಾಗಿ ಒಣಾಕಕ್ಕೆ ಹೋಗ್ತೀನಿ."

ಮೇಷ್ಟ್ರು ಹಾರ್ಮೋನಿಯಂ ಮುಚ್ಚಿದರು. "ಅದೇ ಹಾಡ್ಲಿ ಬಿಡಿ. ನಾನ್ ಬರ್ತೀನಿ."

ಅವರಿಲ್ಲದೆ ನಾಟಕವೇ ಇಲ್ಲ. ಕಿರೀಟ ಹೊತ್ತುಕೊಂಡೇ ಹೋಗಿ ಅವರ ಪಕ್ಕ ಕುಕ್ಕರಿಸಿದೆ. "ಬೀಗರ ಮುಂದೆ ಮರ್ಯಾದೆ ಹೋಗುತ್ತೆ ಮೇಷ್ಟ್ರೇ," ಎಂದು ಗೋಗರೆದೆ.

ಅವರು ಯಾರಿಗೂ ಕೇಳಿಸದ ಹಾಗೆ ಹೇಳಿದರು. "ಮೊದಲ್ನೇ ವರ್ಷ ನಿಮ್ಗೆ ಎಷ್ಟು ಮೇಲಿನ ಶ್ರುತಿ ಇಟ್ಟಿದ್ದೆ, ಗೊತ್ತಾ? ನಿಮ್ ಗಂಟ್ಲು ಇಳಿದಂಗೆಲ್ಲ ನಾನೂ ಹಾರ್ಮೋನಿಯಂನಲ್ಲಿ ಶ್ರುತೀನ ಒಂದೊಂದೇ ಮನೆ ಇಳಿಸ್ಕೊಂಡು ಬಂದೆ. ಇಷ್ಟು ವರ್ಷ ಯಾರ್ಗಾದ್ರೂ ಹೇಳಿದ್ದೀನಾ?"

ನನಗೂ ಹೇಳಿರಲಿಲ್ಲ. ಇಷ್ಟು ದಿನ ನನ್ನ ಮರ್ಯಾದೆ ಕಾಪಾಡಿದವರಿಗೇ ಕದ್ದು ಸ್ಪೀಕರ್ ಇಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಹೋಗಿ ಅದನ್ನು ಆಫ್ ಮಾಡಿದೆ. ಅಜ್ಜಿ ಮತ್ತೆ ಕೂತರು.

ಮೇಷ್ಟ್ರು ಇನ್ನೊಂದು ಮನೆ ಕೆಳಗೆ ಬೆರಳಿಟ್ಟು ನನ್ನ ಮುಖ ನೋಡಿದರು. ಹಾಡಿದೆ. ಆದರೂ ಮೇಲಿನ ಸ್ವರದಲ್ಲಿ ಗಂಟಲು ಎಂದಿನಂತೆ ಕೈಕೊಟ್ಟಿತು. ಅಂಗಳದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರು.