ಉಪ್ಪು ನೋಡಿ ಹೇಳಣ್ಣ

ಇವತ್ತು ಸಂಕಷ್ಟಿ, ಉಪವಾಸ. ಬಾಗಿಲಿಗೆ ನೀರು ಹಾಕಿ, ದೇವರ ಪಾತ್ರೆ ತೊಳೆದು, ಕೋಟೆ ಬೀದಿಯಲ್ಲಿ ನನ್ನ ತಮ್ಮ ಹೊಸದಾಗಿ ತೆರೆದ ಹೋಟೆಲಿಗೆ ಹೋಗಿ ಸಾರಿಗಿಟ್ಟೆ. ಇಂಗಿನ ಘಮಕ್ಕೆ ಭದ್ರಾವತಿ ನ್ಯೂ ಟೌನಿನ ನಮ್ಮ ಹಳೇ ಹೋಟೆಲು ಕಣ್ಮುಂದೆ ಬಂತು.

ಉಪವಾಸದ ದಿನ ಅಮ್ಮ ಅಡುಗೆಯ ರುಚಿ ನೋಡುತ್ತಿರಲಿಲ್ಲ. ಸೌಟು ಹಿಡಿದು ಬಾಗಿಲಿಗೆ ಬಂದು, ಕಾರ್ಖಾನೆಗೆ ಹೊರಟವರನ್ನು ಕರೆಯೋಳು, "ಉಪ್ಪು ನೋಡಿ ಹೇಳಣ್ಣ." ತಮಿಳಿನವರೊಬ್ಬರು ಅಂಗೈಗೆ ಬಿಟ್ಟ ಸಾರು ಹೀರಿ, "ಇನ್ನೂ ಚೂರು ಬೇಕಮ್ಮ, ಯಜಮಾನ್ರು ಉಪ್ಪಿಗೂ ಬೀಗ ಹಾಕಿದಾರಾ?" ಅನ್ನೋರು. ಗಲ್ಲಾದಲ್ಲಿ ಕೂತ ಅಪ್ಪನೂ ನಗೋರು. ಹಾಗೆ ಉಪ್ಪು ಹೇಳಿದವರು ಮಧ್ಯಾಹ್ನ ಜೊತೆಗಾರರನ್ನೂ ಕರ್ಕೊಂಡು ಊಟಕ್ಕೆ ಬರೋರು.

ಈಗ ತಮ್ಮ ಗೋಡೆ ತುಂಬ ಅಮ್ಮನ ಫೋಟೋ ಹಾಕಿದ್ದಾನೆ. ಬೀದಿಯವರು ಮಾತ್ರ ಒಳಗೆ ಬರಲ್ಲ. ಇವತ್ತು ಎದುರಿಗೆ ಹೂವು ಮಾರೋ ಸರೋಜನ್ನ ಕರೆದು, "ಉಪ್ಪು ನೋಡು ಮಾರಾಯ್ತಿ" ಅಂತ ಅಂಗೈಗೆ ಸಾರು ಬಿಟ್ಟೆ. ತಮ್ಮ ಓಡಿಬಂದು, "ಅಕ್ಕಾ, ಹೋಟೆಲ್ ಮರ್ಯಾದೆ ತೆಗೀಬೇಡ" ಅಂದ. ಸರೋಜ ಹೀರಿ, ಉಪ್ಪಿನ ವಿಷಯ ಹೇಳೋ ಮೊದಲೇ ಹೂವಿನ ಬುಟ್ಟಿ ಕಡೆ ನಡೆದಳು. ಅಮ್ಮನ ಫೋಟೋ ಬೇಕಂತೆ, ಅಮ್ಮನ ಪದ್ಧತಿ ಬೇಡವಂತೆ. ಸೌಟು ಅಲ್ಲೇ ಇಟ್ಟು ಮನೆಗೆ ಬಂದೆ.

ಕೋಟೆ ಕಡೆ ಹೋಗೋರು ಯಾರಾದರೂ, ಉಪ್ಪು ಸರಿ ಇತ್ತಾ ಅಂತ ಸರೋಜನ್ನ ಕೇಳಿ ಬಂದು ಹೇಳ್ತೀರಾ?